ಗುಜರಿಯಲ್ಲಿ ವಿಕಿರಣ ಸಿಕ್ಕರೆ ಹೇಳಿದವನ ಗತಿ ಏನು?

2025ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದಿಂದ ಅಮೆರಿಕಕ್ಕೆ ಹೋದ ಸಿಗಡಿಯ ಕಂಟೇನರ್‌ಗಳು ಅಲ್ಲಿನ ಬಂದರುಗಳಲ್ಲಿ ಸಿಕ್ಕಿಬಿದ್ದವು. ಅವುಗಳಲ್ಲಿ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ಇತ್ತು. ಸಿಗಡಿಯ ಒಂದು ಮಾದರಿಯಲ್ಲಿ ಕಂಡಿದ್ದು ಕಿಲೋಗೆ ಸುಮಾರು 68 ಬೆಕೆರೆಲ್, ಅಂದರೆ ಸೆಕೆಂಡಿಗೆ 68 ಪರಮಾಣು ಒಡೆಯುವಷ್ಟು. ಅಲ್ಲಿನ ಆಹಾರ ಇಲಾಖೆ ಕ್ರಮಕ್ಕೆಂದು ಇಟ್ಟುಕೊಂಡಿರುವ ಮಿತಿ 1,200. ಒಂದು ತಟ್ಟೆ ತಿಂದವರಿಗೆ ಏನೂ ಆಗುತ್ತಿರಲಿಲ್ಲ. ಆದರೂ ಮಾಲು ತಡೆದರು, ಎಳೆ ಹಿಡಿದು ಹೊರಟರು. ಆ ಎಳೆ ಹೋಗಿ ಮುಟ್ಟಿದ್ದು ಜಾವಾ ದ್ವೀಪದ ಚಿಕಾಂಡೆ ಎಂಬ ಕೈಗಾರಿಕಾ ಪ್ರದೇಶವನ್ನು. ಅಲ್ಲಿ ಗುಜರಿ ಲೋಹ ಕರಗಿಸುವ ಕಾರ್ಖಾನೆಯ ಸುತ್ತ ಸೀಸಿಯಂ ಹರಡಿತ್ತು.

ಇದು ದೂರದ ಕಥೆ ಎನ್ನಬೇಡಿ. 2008ರಲ್ಲಿ ಫ್ರಾನ್ಸ್‌ನಲ್ಲಿ ಲಿಫ್ಟ್ ಬಟನ್‌ಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಬಟನ್ ಜೋಡಿಸುತ್ತಿದ್ದ ಕಾರ್ಖಾನೆಯ ಸುಮಾರು 20 ಕೆಲಸಗಾರರಿಗೆ 1 ಮಿಲಿಸೀವರ್ಟ್‌ಗಿಂತ (ಮೈಗೆ ತಗುಲುವ ವಿಕಿರಣ ಅಳೆಯುವ ಮಾನ ಇದು) ಜಾಸ್ತಿ ವಿಕಿರಣ ತಗುಲಿತ್ತು. ಆ ಲೋಹ ಹೋಗಿದ್ದು ಭಾರತದಿಂದ. ಇಲ್ಲಿ ಯಾವುದೋ ಗುಜರಿ ರಾಶಿಯೊಳಗೆ ಒಂದು ವಿಕಿರಣ ಮೂಲ, ಅಂದರೆ ವಿಕಿರಣ ಸೂಸುವ ವಸ್ತು, ಸೇರಿಕೊಂಡಿತ್ತು. ಅದು ಕರಗಿತು, ಸ್ಟೀಲ್ ಆಯಿತು, ಬಟನ್ ಆಯಿತು, ಸಮುದ್ರ ದಾಟಿತು. ದಾರಿಯಲ್ಲಿ ನಮ್ಮ ಯಾವ ಬಾಗಿಲೂ ಅದನ್ನು ಹಿಡಿಯಲಿಲ್ಲ.

ಬೆಂಗಳೂರಿನಲ್ಲಿ ಅಣು ವಿದ್ಯುತ್ ಸ್ಥಾವರ ಇಲ್ಲ. ಆದರೆ ನೂರಾರು ಆಸ್ಪತ್ರೆಗಳಿವೆ, ಹಳೆಯ ಕಾಲೇಜುಗಳಿವೆ, ವಿಮಾನ ಕಾರ್ಖಾನೆ ಇದೆ, ಪೀಣ್ಯದ ವೆಲ್ಡಿಂಗ್ ಶೆಡ್‌ಗಳಿವೆ. ಇಲ್ಲೆಲ್ಲ ಕೆಲಸ ಮುಗಿಸಿದ ಸಾಮಾನು ಜಾಲಿ ಮೊಹಲ್ಲಾಕ್ಕೋ, ನಾಯಂಡಹಳ್ಳಿಗೋ, ಭಾನುವಾರದ ಸಂತೆಗೋ ಬಂದು ಸೇರುತ್ತದೆ. ಅದರಲ್ಲಿ ವಿಕಿರಣಶೀಲ ವಸ್ತು ಇದ್ದರೆ ಮೊದಲು ಕೈಗೆ ಸಿಗುವುದು ಯಾರಿಗೆ? ವಿಜ್ಞಾನಿಗೆ ಅಲ್ವೇ ಅಲ್ಲ. ಲ್ಯಾಬ್ ಅಟೆಂಡರ್‌ಗೆ, ಗುಜರಿಯವನಿಗೆ, ಪೌರಕಾರ್ಮಿಕರಿಗೆ. ಹಾಗೆ ಸಿಕ್ಕಿದ್ದನ್ನು ಹೇಳಿದರೆ ಅವರಿಗೆ ಏನು ನಷ್ಟ ಆಗುತ್ತದೆ ಎಂಬುದರ ಮೇಲೆ ಊರಿನ ಸುರಕ್ಷತೆ ನಿಂತಿದೆ ಎಂಬುದು ನನ್ನ ವಾದ.

ಏನೇನು ಸಿಗಬಹುದು

ಹೆಚ್ಚಿನ ಸಲ ಸಿಗುವುದು ಸಣ್ಣಪುಟ್ಟ ವಸ್ತುಗಳೇ. ಹಳೇ ಮನೆಯ ಅಟ್ಟದಲ್ಲಿ ಪೆಟ್ರೋಮ್ಯಾಕ್ಸ್ ಲೈಟ್ ಇದ್ದರೆ ಪಕ್ಕದಲ್ಲೇ ಮ್ಯಾಂಟಲ್‌ನ, ಅಂದರೆ ದೀಪದೊಳಗೆ ಬೆಳಗುವ ನೂಲಿನ ಬಲೆಯ, ಪೊಟ್ಟಣವೂ ಇರುತ್ತದೆ. ಕರೆಂಟ್ ಇಲ್ಲದ ಕಾಲದಲ್ಲಿ ಮದುವೆ, ಜಾತ್ರೆ, ರಾತ್ರಿಯಿಡೀ ನಡೆಯುವ ಬಯಲಾಟ ಎಲ್ಲವೂ ಈ ಬೆಳಕಿನಲ್ಲೇ. ಅಷ್ಟು ಬೆಳ್ಳಗೆ ಉರಿಯಲು ಕಾರಣ ಮ್ಯಾಂಟಲ್‌ನ ನೂಲಿಗೆ ಹಾಕಿದ ಥೋರಿಯಂ. ಕೇರಳದ ಕರಾವಳಿಯ ಮರಳಿನಿಂದ ತೆಗೆದ ಥೋರಿಯಂ ನೈಟ್ರೇಟನ್ನು ಸರ್ಕಾರಿ ಸಂಸ್ಥೆಯೇ ಮ್ಯಾಂಟಲ್ ತಯಾರಕರಿಗೆ ಮಾರುತ್ತಿತ್ತು. ಒಂದು ಮ್ಯಾಂಟಲ್‌ನಲ್ಲಿ ಸುಮಾರು 1,000 ಬೆಕೆರೆಲ್ ಥೋರಿಯಂ ಇರುತ್ತದೆ. ಅಂದರೆ ಸೆಕೆಂಡಿಗೆ ಸಾವಿರ ಪರಮಾಣು ಒಡೆಯುತ್ತವೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪರಮಾಣು ಒಡೆದುಹೋಗಲು ಬೇಕಾದ ಕಾಲ, 1,400 ಕೋಟಿ ವರ್ಷ. ಅಜ್ಜನ ಕಾಲದ ಪೊಟ್ಟಣ ಇವತ್ತಿಗೂ ಹೊಸದರಷ್ಟೇ ಚುರುಕು.

ಐಟಿ ಆಫೀಸುಗಳು ಖಾಲಿ ಮಾಡುವಾಗ ಫಾಲ್ಸ್ ಸೀಲಿಂಗ್ ಒಡೆಯುತ್ತಾರಲ್ಲ, ಅಲ್ಲಿಂದ ಹೊಗೆ ಪತ್ತೆ ಮಾಡುವ ಬಿಳಿ ಡಬ್ಬಿಗಳು ಚೀಲಗಟ್ಟಲೆ ಬೀಳುತ್ತವೆ. ಈಗಿನವು ಹೆಚ್ಚಿನವು ಬೆಳಕಿನಿಂದ ಕೆಲಸ ಮಾಡುವಂಥವು. ಹಳೆಯ ಅಯಾನೀಕರಣ ಮಾದರಿಯವುಗಳಲ್ಲಿ ಮಾತ್ರ ಅಮೆರಿಸಿಯಂ-241 ಇರುತ್ತದೆ, ಸಾಮಾನ್ಯವಾಗಿ ಒಂದಕ್ಕೆ 37,000 ಬೆಕೆರೆಲ್‌ನಷ್ಟು. ಗೋಡೆ ಮೇಲೆ ಇದ್ದಷ್ಟು ದಿನ ಅದರಿಂದ ಯಾರಿಗೂ ತೊಂದರೆ ಇಲ್ಲ. ಸುತ್ತಿಗೆಯಿಂದ ಒಡೆದು ಒಳಗಿನ ಲೋಹ ಕೆರೆಯಲು ಹೊರಟರೆ ಮಾತು ಬೇರೆ.

ವೆಲ್ಡಿಂಗ್ ಶೆಡ್‌ಗಳಲ್ಲಿ ತುದಿಗೆ ಕೆಂಪು ಬಣ್ಣ ಹಚ್ಚಿದ ಟಂಗ್‌ಸ್ಟನ್ ಕಡ್ಡಿಗಳಿರುತ್ತವೆ. ಟಿಗ್ ವೆಲ್ಡಿಂಗ್ ಮಾಡುವವರಿಗೆ ಗೊತ್ತು. ಆ ಕೆಂಪು ಬಣ್ಣದ ಅರ್ಥ, ಕಡ್ಡಿಯಲ್ಲಿ ಶೇ 2ರಷ್ಟು ಥೋರಿಯಂ ಇದೆ ಎಂದು. ಜೇಬಿನಲ್ಲಿ ಇಟ್ಟುಕೊಂಡರೆ ದೊಡ್ಡ ಅಪಾಯ ಇಲ್ಲ. ತುದಿ ಚೂಪು ಮಾಡಲು ಗ್ರೈಂಡರ್‌ಗೆ ಹಿಡಿದಾಗ ಏಳುವ ಧೂಳು ಮೂಗಿಗೆ ಹೋಗಬಾರದು, ಅಷ್ಟೇ.

ಇನ್ನು ಗಡಿಯಾರ, ಮೀಟರ್‌ಗಳ ಡಯಲ್. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಸೇನಾ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಆ ಕಾಲದ ವಿಮಾನಗಳ ಮೀಟರ್‌ಗಳಿಗೆ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅಂಥ ಡಯಲ್ ಹಳೇ ಸಾಮಾನಿನ ರಾಶಿಯಲ್ಲಿ ಈಗಲೂ ಸಿಕ್ಕರೆ ಆಶ್ಚರ್ಯ ಇಲ್ಲ. ಇಲ್ಲಿ ಜನ ಮೋಸ ಹೋಗುವುದು ಒಂದು ವಿಷಯಕ್ಕೆ. ಬಣ್ಣದೊಳಗಿನ ಹೊಳೆಯುವ ರಾಸಾಯನಿಕ ಕೆಲವು ವರ್ಷಗಳಲ್ಲಿ ಸತ್ತುಹೋಗುತ್ತದೆ. ರೇಡಿಯಂ-226ರ ಅರ್ಧಾಯುಷ್ಯ ಮಾತ್ರ 1,600 ವರ್ಷ. ಹೊಳಪು ಹೋದ ಡಯಲ್‌ನಲ್ಲಿ ವಿಕಿರಣ ಹಾಗೇ ಇರುತ್ತದೆ. ಗಾಜು ಬಿಚ್ಚಿದರೆ ಒಣಗಿದ ಬಣ್ಣ ಪುಡಿಯಾಗಿ ಉದುರುತ್ತದೆ. ಅದೇ ತೊಂದರೆ. ಅಂದ ಹಾಗೆ, ಬೈಕ್ ಮೇಲೆ ಅಂಟಿಸುವ ‘ರೇಡಿಯಂ’ ಸ್ಟಿಕ್ಕರ್‌ನಲ್ಲಿ ರೇಡಿಯಂ ಒಂಚೂರೂ ಇಲ್ಲ. ಅದಕ್ಕೆ ಹೆದರಬೇಕಿಲ್ಲ.

ಕಾಲೇಜುಗಳ ರಸಾಯನಶಾಸ್ತ್ರ ವಿಭಾಗದಲ್ಲಿ ಯುರೇನೈಲ್ ಅಸಿಟೇಟ್, ಥೋರಿಯಂ ನೈಟ್ರೇಟ್ ಬಾಟಲಿಗಳು ಬೀರುವಿನ ಹಿಂದಿನ ಸಾಲಿನಲ್ಲಿ ಕೂತಿರುತ್ತವೆ. ತಂದವರು ನಿವೃತ್ತರಾಗಿರುತ್ತಾರೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ಹೆಸರು ಇದ್ದರೂ ಯಾರೂ ಓದಿರುವುದಿಲ್ಲ. ಹಳದಿ ಬಣ್ಣದ ಯುರೇನಿಯಂ ಲವಣಗಳಲ್ಲಿ ವಿಕಿರಣಕ್ಕಿಂತ ವಿಷವೇ ದೊಡ್ಡ ಚಿಂತೆ. ಹೊಟ್ಟೆಗೆ ಹೋದರೆ ಕಿಡ್ನಿಗೆ ಪೆಟ್ಟು.

ಎಕ್ಸ್-ರೇ ಯಂತ್ರ ಕಂಡರೆ ಮಾತ್ರ ಗಾಬರಿ ಬೇಡ. ಕರೆಂಟ್ ತೆಗೆದ ಕ್ಷಣ ಅದರಲ್ಲಿ ವಿಕಿರಣ ಇರುವುದಿಲ್ಲ. ಅದು ಬಲ್ಬ್ ಇದ್ದ ಹಾಗೆ. ಕ್ಯಾನ್ಸರ್ ಚಿಕಿತ್ಸೆಯ ಹಳೇ ಕೋಬಾಲ್ಟ್ ಯಂತ್ರಕ್ಕೆ ಸ್ವಿಚ್ ಎಂಬುದೇ ಇಲ್ಲ. ಗುಜರಿಯವನ ಕಣ್ಣಿಗೆ ಎರಡೂ ಆಸ್ಪತ್ರೆಯ ಕಬ್ಬಿಣವೇ.

ಕಡಿಮೆ ಎಂದರೆ ಎಷ್ಟು

ವಿಕಿರಣ ಇಲ್ಲದ ಜಾಗ ಭೂಮಿ ಮೇಲೆ ಇಲ್ಲ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರೂ ಚೂರುಚೂರು ಇವೆ. ಅದರ ಮೇಲೆ ಕೂತು ಕಡಲೆಕಾಯಿ ತಿನ್ನುವವರ ಮೈಯಲ್ಲೇ ಪೊಟ್ಯಾಸಿಯಂ-40ರಿಂದ 4,000 ಬೆಕೆರೆಲ್‌ಗೂ ಮೇಲೆ ಇರುತ್ತದೆ. ಜಗತ್ತಿನ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ 2.4 ಮಿಲಿಸೀವರ್ಟ್ ಸಿಗುತ್ತದೆ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ಗೆ ಸುಮಾರು 8ರಿಂದ 10. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ವಿಕಿರಣ ಬಳಸುವ ಕೆಲಸಗಳಿಂದ ಸಾರ್ವಜನಿಕರಿಗೆ ಸೇರಬಹುದಾದ್ದಕ್ಕೆ ಹಾಕಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಪ್ರಕೃತಿಯದ್ದು, ಚಿಕಿತ್ಸೆಯದ್ದು ಇದರಲ್ಲಿ ಸೇರುವುದಿಲ್ಲ.

ಹಾಗಾದರೆ 1,000 ಬೆಕೆರೆಲ್ ಮ್ಯಾಂಟಲ್ ನಮ್ಮ ಮೈಗಿಂತಲೂ ಕಡಿಮೆ ಅಲ್ವಾ ಎಂದು ಕೇಳಬಹುದು. ಲೆಕ್ಕ ಸರಿ, ತೀರ್ಮಾನ ಅರ್ಧ ಸರಿ. ಥೋರಿಯಂ, ರೇಡಿಯಂ, ಅಮೆರಿಸಿಯಂ ಇವೆಲ್ಲ ಮುಖ್ಯವಾಗಿ ಆಲ್ಫಾ ಕಣ ಬಿಡುತ್ತವೆ. ಆಲ್ಫಾ ಕಣವನ್ನು ಒಂದು ಹಾಳೆ, ಅಥವಾ ಚರ್ಮದ ಮೇಲಿನ ಸತ್ತ ಪದರವೇ ತಡೆಯುತ್ತದೆ. ಉಸಿರಿನಲ್ಲೋ ಊಟದಲ್ಲೋ ಒಳಗೆ ಹೋದರೆ ತಡೆಯಲು ಏನೂ ಇಲ್ಲ. ಪುಡಿ ಶ್ವಾಸಕೋಶದಲ್ಲಿ, ಮೂಳೆಯಲ್ಲಿ ಕೂತುಬಿಡುತ್ತದೆ. ಆದ್ದರಿಂದ ಕಡಿಮೆ ಮಟ್ಟದ ವಸ್ತು ಸಿಕ್ಕಾಗ ಎಷ್ಟಿದೆ ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಅದು ಮುಚ್ಚಿಕೊಂಡಿದೆಯೋ ಪುಡಿಯಾಗಿದೆಯೋ ಎಂಬುದು. ಗಟ್ಟಿಯಾಗಿ, ಡಬ್ಬಿಯೊಳಗೆ ಇದ್ದರೆ ಅರ್ಧ ಚಿಂತೆ ಮುಗಿಯಿತು.

ಎರಡನೆಯ ಪ್ರಶ್ನೆ ನನಗೆ ಇನ್ನೂ ದೊಡ್ಡದು. ಈ ಸಣ್ಣ ಅಳತೆ ಎಲ್ಲಿಂದ ಬಂತು? ಸಿಗಡಿಯ 68 ಬೆಕೆರೆಲ್ ಯಾರಿಗೂ ಕೇಡು ಮಾಡುತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ಹೋಗದೇ ಇದ್ದಿದ್ದರೆ ಚಿಕಾಂಡೆಯ ಜನ ಸೀಸಿಯಂ ಜೊತೆಗೇ ಬದುಕುತ್ತಿದ್ದರು. ಮ್ಯಾಂಟಲ್‌ನ ಮೂಲ ಗೊತ್ತು, ಅಲ್ಲಿಗೆ ಮುಗಿಯಿತು. ಗುರುತು ಸಿಗದ ಕಬ್ಬಿಣದ ತುಂಡಿನಲ್ಲಿ ಸ್ವಲ್ಪವೇ ವಿಕಿರಣ ಕಂಡರೂ ಅದನ್ನು ‘ಸ್ವಲ್ಪ ತಾನೆ’ ಎಂದು ಬಿಡುವಂತಿಲ್ಲ.

ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ

ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ನಡೆದದ್ದು ಈ ದೇಶದ ಗುಜರಿ ವ್ಯಾಪಾರ ಮರೆಯಬಾರದ ಘಟನೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ, ವಸ್ತುಗಳ ಮೇಲೆ ಗಾಮಾ ವಿಕಿರಣ ಹಾಯಿಸುವ ಯಂತ್ರ ಒಂದಿತ್ತು. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. 2010ರ ಫೆಬ್ರುವರಿಯಲ್ಲಿ ಬೇಡದ ಸಾಮಾನಿನ ಜೊತೆ ಹರಾಜಾಯಿತು. ಮಾಯಾಪುರಿಯ ಅಂಗಡಿಯಲ್ಲಿ ಅದರ ಸೀಸದ ಕವಚ ಕಿತ್ತರು. ಒಳಗಿದ್ದದ್ದು ಕೋಬಾಲ್ಟ್-60. ಅದರ ಅರ್ಧಾಯುಷ್ಯ 5.27 ವರ್ಷ. 25 ವರ್ಷ ಸುಮ್ನೆ ಕೂತಿದ್ದರಿಂದ ಶಕ್ತಿ ಶೇ 4ಕ್ಕಿಂತ ಕೆಳಗೆ ಇಳಿದಿತ್ತು. ಉಳಿದಷ್ಟೇ ಸಾಕಾಯಿತು. ಒಬ್ಬರು ಒಂದು ಚೂರನ್ನು ಪರ್ಸ್‌ನಲ್ಲಿ ಇಟ್ಟುಕೊಂಡು ಓಡಾಡಿದ್ದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಡಾಕ್ಟರ್ ಅನುಮಾನಪಟ್ಟ ಮೇಲೆ ವಿಷಯ ಹೊರಬಿತ್ತು. ಬೇರೆ ಯಾವ ವ್ಯವಸ್ಥೆಯೂ ಅದನ್ನು ಹಿಡಿದಿರಲಿಲ್ಲ.

ಬ್ರೆಜಿಲ್‌ನ ಗೊಯಾನಿಯಾದ ಕಥೆ ಇನ್ನೂ ಕಲಿಸುತ್ತದೆ. 1987ರ ಸೆಪ್ಟೆಂಬರ್. ಜಾಗ ಬದಲಿಸಿದ ಒಂದು ಖಾಸಗಿ ಕ್ಲಿನಿಕ್ ತನ್ನ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವನ್ನು ಪಾಳು ಕಟ್ಟಡದಲ್ಲೇ ಬಿಟ್ಟುಹೋಗಿತ್ತು. ಇಬ್ಬರು ಅದರ ತಲೆಭಾಗ ಬಿಚ್ಚಿ ಗುಜರಿಗೆ ಮಾರಿದರು. ಒಳಗೆ 93 ಗ್ರಾಂ ಸೀಸಿಯಂ ಕ್ಲೋರೈಡ್ ಪುಡಿ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಬೆಲೆಬಾಳುವ ವಸ್ತು ಎಂದುಕೊಂಡು ಗುಜರಿಯವನು ನೆಂಟರಿಷ್ಟರಿಗೆಲ್ಲ ಹಂಚಿದ. ಮೈಗೆ ಬಳಿದುಕೊಂಡವರೂ ಇದ್ದರು. ಮನೆಯವರಿಗೆಲ್ಲ ಒಂದೇ ಥರ ಕಾಯಿಲೆ ಬರುತ್ತಿರುವುದು ಮೊದಲು ಹೊಳೆದದ್ದು ಗುಜರಿ ಅಂಗಡಿಯವನ ಹೆಂಡತಿಗೆ. ಆಕೆ ಉಳಿದದ್ದನ್ನು ಚೀಲಕ್ಕೆ ಹಾಕಿಸಿಕೊಂಡು ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ಹೋದಳು. ‘ಇದೇ ನಮ್ಮವರನ್ನು ಕೊಲ್ಲುತ್ತಿದೆ’ ಎಂದು ಡಾಕ್ಟರ ಮುಂದೆ ಇಟ್ಟಳು.

ಮುಂದಿನದ್ದು ಇನ್ನೂ ಚೆನ್ನಾಗಿದೆ. ಊರಿನಲ್ಲಿದ್ದ ಒಬ್ಬ ವೈದ್ಯಕೀಯ ಭೌತವಿಜ್ಞಾನಿ ಯುರೇನಿಯಂ ಹುಡುಕುವ ಸಂಸ್ಥೆಯಿಂದ ಒಂದು ಮೀಟರ್ ಸಾಲ ತಂದರು. ಆನ್ ಮಾಡಿದರೆ ಮುಳ್ಳು ಪೂರ್ತಿ ಕೊನೆಗೆ ಹೋಗಿ ನಿಂತಿತು. ಯಾವ ಕಡೆ ತಿರುಗಿಸಿದರೂ ಅಷ್ಟೇ. ಮೀಟರ್ ಕೆಟ್ಟಿದೆ ಎಂದು ವಾಪಸ್ ಹೋಗಿ ಇನ್ನೊಂದು ತಂದರು. ಅದೂ ಹಾಗೇ. ಆಗ ಅರ್ಥವಾಯಿತು. ಅಷ್ಟರಲ್ಲಿ ಅಗ್ನಿಶಾಮಕ ದಳದವರು ಆ ಚೀಲವನ್ನು ಎತ್ತಿಕೊಂಡು ಹೋಗಿ ನದಿಗೆ ಎಸೆಯಲು ಹೊರಟಿದ್ದರು. ಅವರನ್ನು ತಡೆದದ್ದೇ ದೊಡ್ಡ ಕೆಲಸ. ಆಮೇಲೆ ಸ್ಟೇಡಿಯಂನಲ್ಲಿ ಸುಮಾರು 1,12,000 ಜನರನ್ನು ಸಾಲಾಗಿ ನಿಲ್ಲಿಸಿ ಅಳೆದರು. 249 ಜನರ ಮೈಮೇಲೆ ಅಥವಾ ಒಳಗೆ ಸೀಸಿಯಂ ಸಿಕ್ಕಿತು. ನಾಲ್ವರು ಸತ್ತರು. ಮೊದಲು ಗುರುತಿಸಿದ ಆ ಹೆಂಗಸೂ ಅವರಲ್ಲಿ ಒಬ್ಬಳು. 93 ಗ್ರಾಂ ಪುಡಿ ಹರಡಿದ್ದರಿಂದ ಸುಮಾರು 3,500 ಘನ ಮೀಟರ್ ಕಸ ಹುಟ್ಟಿತು. ಮನೆಗಳನ್ನು ಕೆಡವಿ, ಮಣ್ಣನ್ನು ಕೆರೆದು ತುಂಬಿಸಬೇಕಾಯಿತು.

ಬೆಂಗಳೂರಿನ ನಾಗರಭಾವಿಯಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ದಕ್ಷಿಣ ವಲಯದ ಕಚೇರಿ ಇದೆ. ಯುರೇನಿಯಂ ಹುಡುಕುವುದೇ ಅವರ ಕೆಲಸ, ಅಳೆಯುವ ಸಾಧನ ಅವರ ದಿನನಿತ್ಯದ ಸಾಮಾನು. ಭಾರತೀಯ ವಿಜ್ಞಾನ ಸಂಸ್ಥೆ ಇದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವಿಕಿರಣ ಸುರಕ್ಷಾ ಅಧಿಕಾರಿಗಳಿದ್ದಾರೆ. ಎಂ.ಎಸ್ಸಿ. ಭೌತಶಾಸ್ತ್ರ ಹೇಳಿಕೊಡುವ ಹೆಚ್ಚಿನ ಕಾಲೇಜುಗಳಲ್ಲಿ ಪ್ರಯೋಗಕ್ಕೆಂದು ವಿಕಿರಣ ಎಣಿಸುವ ಗೀಗರ್ ಕೌಂಟರ್ ಇರುತ್ತದೆ. ಗೊಯಾನಿಯಾಗಿಂತ ನಮ್ಮ ಊರಿನ ಕೈಯಲ್ಲಿ ಸಾಧನ ಜಾಸ್ತಿಯೇ ಇದೆ. ಗುಜರಿ ಅಂಗಡಿಯಿಂದ ಆ ಸಾಧನದವರೆಗಿನ ದಾರಿ ಮಾತ್ರ ಯಾರೂ ಹಾಕಿಲ್ಲ.

ಮೊದಲ ಒಂದು ಗಂಟೆ

ಅನುಮಾನದ ವಸ್ತು ಕಂಡರೆ ಮುಟ್ಟದೆ, ಎತ್ತದೆ, ಬಿಚ್ಚದೆ ದೂರ ಹೋಗಿ. ದೂರವೇ ಅತ್ಯಂತ ಅಗ್ಗದ ರಕ್ಷಣೆ. ಸಣ್ಣ ಮೂಲವಾದರೆ ಒಂದು ಮೀಟರ್‌ನಿಂದ ಹತ್ತು ಮೀಟರ್‌ಗೆ ಹೋದಾಗ ತಗುಲುವುದು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮೊದಲು ಬರುವ ಪೊಲೀಸ್, ಅಗ್ನಿಶಾಮಕ ಸಿಬ್ಬಂದಿಗೆ ಹೇಳುವುದೂ ಇದನ್ನೇ. ಬಯಲಿನಲ್ಲಿ ಅಪಾಯಕಾರಿ ಮೂಲದ ಅನುಮಾನ ಇದ್ದರೆ ಸುತ್ತ 30 ಮೀಟರ್ ಖಾಲಿ ಮಾಡಿಸಿ. ಕಟ್ಟಡದೊಳಗಾದರೆ ಆ ಕೋಣೆ ಮತ್ತು ಅಕ್ಕಪಕ್ಕದ, ಮೇಲಿನ, ಕೆಳಗಿನ ಭಾಗ. ಮೀಟರ್ ಬಂದ ಮೇಲೆ ಗಂಟೆಗೆ 100 ಮೈಕ್ರೋಸೀವರ್ಟ್ (ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ) ತೋರಿಸುವ ಗೆರೆಗೆ ಹಗ್ಗ ಕಟ್ಟಿ. ಒಳಗೆ ಯಾರಾದರೂ ಗಾಯಗೊಂಡು ಬಿದ್ದಿದ್ದರೆ ವಿಕಿರಣ ಎಂದು ಹಿಂಜರಿಯದೆ ಅವರನ್ನು ಹೊರಗೆ ತನ್ನಿ. ಜೀವ ಉಳಿಸುವುದು ಮೊದಲು.

ಪುಡಿ ಏನಾದರೂ ಮೈಗೆ ತಾಗಿರಬಹುದು ಎನಿಸಿದರೆ ಮೇಲಿನ ಬಟ್ಟೆ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಮೈಗೆ ಹತ್ತಿದ್ದರಲ್ಲಿ ಬಹುಪಾಲು ಬಟ್ಟೆಯ ಜೊತೆಗೇ ಹೋಗುತ್ತದೆ. ಉಗುರು ಬೆಚ್ಚಗಿನ ನೀರು, ಸೋಪು ಸಾಕು. ಗಸಗಸ ಉಜ್ಜಿ ಚರ್ಮ ಕೆರೆದುಕೊಳ್ಳಬೇಡಿ. ಕೈ ತೊಳೆಯುವವರೆಗೆ ಬೀಡಿ, ಕಾಫಿ, ಎಲೆ ಅಡಿಕೆ ಏನೂ ಬೇಡ. ನೋಡಲು ಬಂದವರು, ಮುಟ್ಟಿದವರು ಯಾರ‍್ಯಾರು ಎಂದು ಹೆಸರು ಬರೆದಿಟ್ಟುಕೊಳ್ಳಿ. ಆಮೇಲೆ ಅವರನ್ನು ಹುಡುಕಬೇಕಾಗುತ್ತದೆ. ಮೋರಿಗೆ, ರಾಜಕಾಲುವೆಗೆ, ಕಸದ ಲಾರಿಗೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಒಂದು ಕಡೆ ಇದ್ದದ್ದು ಊರೆಲ್ಲ ಆಗುತ್ತದೆ.

ಫೋನ್ 112ಕ್ಕೆ. ಸಂಸ್ಥೆಯೊಳಗೆ ಸಿಕ್ಕಿದ್ದರೆ ಮೊದಲು ಅಲ್ಲಿನ ವಿಕಿರಣ ಸುರಕ್ಷಾ ಅಧಿಕಾರಿಗೆ. ಅಲ್ಲಿಂದ ಮುಂದೆ ಮುಂಬೈಯ ಎಇಆರ್‌ಬಿ, ಚೆನ್ನೈಯಲ್ಲಿರುವ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ, ಪರಮಾಣು ಶಕ್ತಿ ಇಲಾಖೆಯ ತುರ್ತು ತಂಡಗಳು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ಬರುತ್ತವೆ. ಬರುವವರೆಗೆ ಯಾರೂ ‘ಸ್ವಲ್ಪ ಪಕ್ಕಕ್ಕೆ ಇಡೋಣ’ ಎನ್ನಬಾರದು.

ಆನ್‌ಲೈನ್‌ನಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುವ ಗೀಗರ್ ಕೌಂಟರ್ ಈಗ ಕೆಲವರ ಬ್ಯಾಗಿನಲ್ಲಿದೆ. ವಿಮಾನದಲ್ಲಿ ಕೂತು ಗಂಟೆಗೆ ಕೆಲವು ಮೈಕ್ರೋಸೀವರ್ಟ್ ತೋರಿಸಿ ವಿಡಿಯೊ ಹಾಕುತ್ತಾರೆ. ಖುಷಿಯ ವಿಷಯವೇ. ಆದರೆ ಇವುಗಳಲ್ಲಿ ಹೆಚ್ಚಿನವು ಆಲ್ಫಾ ಕಣವನ್ನು ಕಾಣುವುದೇ ಇಲ್ಲ. ತುಂಬಾ ಜಾಸ್ತಿ ವಿಕಿರಣ ಇರುವ ಕಡೆ ಕೆಲವು ಟ್ಯೂಬ್‌ಗಳು ಉಸಿರುಕಟ್ಟಿದಂತಾಗಿ ಕಡಿಮೆ ತೋರಿಸುತ್ತವೆ. ಇಂಥ ಮೀಟರ್ ‘ಇದೆ’ ಎಂದರೆ ನಂಬಬಹುದು. ‘ಇಲ್ಲ’ ಎಂದರೆ ನಂಬಿ ಕೈ ಹಾಕಬೇಡಿ.

ಅಲಾರಂ ಹೊಡೆದದ್ದೆಲ್ಲ ಅನಾಹುತವೂ ಅಲ್ಲ. ಥೈರಾಯ್ಡ್ ಚಿಕಿತ್ಸೆಗೆ ಅಯೋಡಿನ್-131 ತೆಗೆದುಕೊಂಡವರ ಮೈಯಿಂದ ಕೆಲವು ವಾರ ವಿಕಿರಣ ಬರುತ್ತಿರುತ್ತದೆ. ಅವರು ಬಳಸಿದ ಡೈಪರ್ ಕಸಕ್ಕೆ ಸೇರಿದರೆ ಅದೂ ಮೀಟರ್ ಕೂಗಿಸುತ್ತದೆ. ಅಮೆರಿಕದ ಕಸ ವಿಲೇವಾರಿ ಜಾಗಗಳಲ್ಲಿ ಇದು ಮಾಮೂಲಿ. ಅದರ ಅರ್ಧಾಯುಷ್ಯ 8 ದಿನ. ಅಂಥ ಚೀಲವನ್ನು ಎರಡು ಮೂರು ತಿಂಗಳು ಬೇರೆ ಇಟ್ಟರೆ ತಾನೇ ಸಾಮಾನ್ಯ ಕಸವಾಗುತ್ತದೆ. ಇಲ್ಲಿ ಮಾಡಬೇಕಾದ್ದು ಯಾವ ಐಸೋಟೋಪ್, ಅಂದರೆ ಯಾವ ವಿಕಿರಣಶೀಲ ವಸ್ತು ಎಂದು ಗುರುತಿಸುವುದು, ಅಷ್ಟೇ. ರೋಗಿಯ ಮನೆ ಹುಡುಕಿ ಕ್ಯಾಮೆರಾ ಹಿಡಿಯುವುದಲ್ಲ.

ಯಾರ ಕೆಲಸ, ಯಾರ ದುಡ್ಡು

ಈಗ ಕಾಗದಕ್ಕೆ ಬರೋಣ. ವಿಕಿರಣ ಮೂಲ ಇಟ್ಟುಕೊಳ್ಳಲು ಎಇಆರ್‌ಬಿಯ ಅನುಮತಿ ಬೇಕು. ಕೆಲಸ ಮುಗಿದ ಮೇಲೆ ತಯಾರಕರಿಗೆ ವಾಪಸ್ ಕೊಡಬೇಕು, ಇಲ್ಲವೇ ಮಾನ್ಯತೆ ಇರುವ ಕೇಂದ್ರಕ್ಕೆ ಕಳಿಸಬೇಕು. ದಕ್ಷಿಣದವರಿಗೆ ಕಲ್ಪಾಕ್ಕಂನಲ್ಲಿ ಅಂಥ ಕೇಂದ್ರ ಇದೆ. ಮಾಲೀಕ ಯಾರು ಎಂದು ಗೊತ್ತಿದ್ದರೆ ಈ ವ್ಯವಸ್ಥೆ ಕೆಲಸ ಮಾಡುತ್ತದೆ. ಗೊತ್ತಿಲ್ಲದಾಗ? ಇ-ತ್ಯಾಜ್ಯ ನಿಯಮ ತೆರೆದು ನೋಡಿ, ವಿಕಿರಣಶೀಲ ತ್ಯಾಜ್ಯಕ್ಕೆ ಇದು ಅನ್ವಯಿಸದು ಎಂದಿದೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೂ ಅದೇ ಮಾತು. ಪರಮಾಣು ಕಾನೂನು ಬೇರೆ ಇದೆ, ಅದಕ್ಕೇ ಹೀಗೆ. ಬರೆದವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಗುಜರಿ ಅಂಗಡಿಯ ಬಾಗಿಲಲ್ಲಿ ನಿಂತವನಿಗೆ ಪಾಲಿಕೆಯೂ ನಮ್ಮದಲ್ಲ ಅನ್ನುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯೂ ನಮ್ಮದಲ್ಲ ಅನ್ನುತ್ತದೆ. ಉಳಿದದ್ದು ಪೊಲೀಸ್ ಸ್ಟೇಷನ್.

ಸ್ಟೇಷನ್‌ಗೆ ಹೋದರೆ ಏನಾಗುತ್ತದೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. ಮಹಜರು, ವಿಚಾರಣೆ, ಎಲ್ಲಿಂದ ಬಂತು, ಬಿಲ್ ಎಲ್ಲಿ. ತಳ್ಳುಗಾಡಿಯವನಿಂದ ತೂಕದ ಲೆಕ್ಕದಲ್ಲಿ ಕೊಂಡ ಕಬ್ಬಿಣಕ್ಕೆ ಬಿಲ್ ಇರುವುದಿಲ್ಲ. ಅಂಗಡಿಗೆ ಟೇಪ್ ಸುತ್ತುತ್ತಾರೆ. ಟಿವಿಯವರು ಬರುತ್ತಾರೆ. ಗಿರಾಕಿ ಹೋಗುತ್ತಾರೆ, ಬಾಡಿಗೆ ಮನೆ ಮಾಲೀಕ ಖಾಲಿ ಮಾಡು ಅನ್ನುತ್ತಾನೆ. ಇಷ್ಟೆಲ್ಲ ಬೇಕಾ, ರಾತ್ರಿ ಹೊತ್ತು ಎಲ್ಲಾದರೂ ಎಸೆದು ಬಂದರೆ ಮುಗಿಯಿತಲ್ಲ ಎಂದು ಅವನು ಯೋಚಿಸಿದರೆ ತಪ್ಪು ಅವನೊಬ್ಬನದ್ದೇ ಅನ್ನಲು ನನಗೆ ಮನಸ್ಸಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ರೋಗವೂ ನಮ್ಮ ಊರಿನಲ್ಲಿದೆ. ರೈಸ್ ಪುಲ್ಲಿಂಗ್ ಎಂಬ ದಂಧೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಹಳೇ ತಾಮ್ರದ ಚೊಂಬಿನಲ್ಲಿ ಇರಿಡಿಯಂ ಇದೆ, ಸಿಡಿಲು ಹೊಡೆದು ಶಕ್ತಿ ಬಂದಿದೆ, ಅಕ್ಕಿ ಕಾಳನ್ನು ಎಳೆಯುತ್ತದೆ, ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆ ಎಂದು ಲಕ್ಷಾಂತರ ರೂಪಾಯಿ ಪೀಕುತ್ತಾರೆ. ಬೆಂಗಳೂರು ಪೊಲೀಸರು ಇಂಥ ತಂಡಗಳನ್ನು ಮತ್ತೆ ಮತ್ತೆ ಹಿಡಿದಿದ್ದಾರೆ. ಮಾಮೂಲಿ ಇರಿಡಿಯಂ ಲೋಹ ವಿಕಿರಣಶೀಲವೇ ಅಲ್ಲ. ಪೈಪ್‌ಗಳ ವೆಲ್ಡಿಂಗ್ ಪರೀಕ್ಷಿಸಲು ಬಳಸುವ ಇರಿಡಿಯಂ-192ನ್ನು ರಿಯಾಕ್ಟರ್‌ನಲ್ಲಿ ಮಾಡುತ್ತಾರೆ. ಅದರ ಅರ್ಧಾಯುಷ್ಯ 74 ದಿನ. ತಾತನ ಚೊಂಬಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಆದರೂ ವಿಕಿರಣ ಎಂದರೆ ಕೋಟಿ ಎಂಬ ನಂಬಿಕೆ ಬೇರೂರಿದೆ. ನಿಜವಾದ ಮೂಲ ಕೈಗೆ ಸಿಕ್ಕ ದಿನ ಈ ಆಸೆಯೇ ಅದನ್ನು ಬೀರುವಿನೊಳಗೆ ಇಡಿಸುತ್ತದೆ. ವಶಪಡಿಸಿಕೊಂಡ ಕಲ್ಲಿಗೋ ಪುಡಿಗೋ ಪ್ರಯೋಗಾಲಯದ ವರದಿ ಬರುವ ಮೊದಲೇ ‘ಇಷ್ಟು ಕೋಟಿ ಮೌಲ್ಯ’ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳುವುದನ್ನು ದೇಶದ ಪೊಲೀಸರು ನಿಲ್ಲಿಸಬೇಕು. ಆ ಒಂದು ಸಾಲು ಮಾಡುವ ಕೇಡು ಸಣ್ಣದಲ್ಲ.

ಸ್ಪೇನ್ ಈ ಗಂಟನ್ನು ಹೇಗೆ ಬಿಡಿಸಿತು ನೋಡಿ. 1998ರಲ್ಲಿ ಅಲ್ಲಿನ ಅಸೆರಿನೋಕ್ಸ್ ಸ್ಟೀಲ್ ಕಾರ್ಖಾನೆಯ ಕುಲುಮೆಯಲ್ಲಿ ಗುಜರಿಯ ಜೊತೆ ಒಂದು ಸೀಸಿಯಂ ಮೂಲ ಕರಗಿತು. ಅದರ ಹೊಗೆಯ ಗುರುತು ಬೇರೆ ದೇಶಗಳ ಗಾಳಿಯಲ್ಲೂ ಕಂಡಿತು. ಮರುವರ್ಷವೇ ಸರ್ಕಾರ, ಸ್ಟೀಲ್ ಕಂಪನಿಗಳು, ಗುಜರಿ ವ್ಯಾಪಾರಿಗಳು, ಅಣು ತ್ಯಾಜ್ಯ ಸಂಸ್ಥೆ ಎಲ್ಲರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಯಾರು ಎಲ್ಲಿ ಅಳೆಯಬೇಕು, ಸಿಕ್ಕರೆ ಯಾರಿಗೆ ಹೇಳಬೇಕು, ಯಾರು ಒಯ್ಯಬೇಕು ಎಲ್ಲವೂ ಅದರಲ್ಲಿದೆ. ಸ್ವಂತ ಇಚ್ಛೆಯಿಂದ ಸೇರುವ ಒಪ್ಪಂದ. ಹೇಳಿದವನು ಆರೋಪಿಯಾಗುವುದಿಲ್ಲ, ಪಾಲುದಾರನಾಗುತ್ತಾನೆ.

ನಮ್ಮಲ್ಲಿ ವಿದೇಶದಿಂದ ಬರುವ ಬಿಡಿ ಲೋಹದ ಗುಜರಿಗೆ ವಿಕಿರಣ ಇಲ್ಲ ಎಂಬ ತಪಾಸಣಾ ಪತ್ರ ಸಾಮಾನ್ಯವಾಗಿ ಬೇಕು. ಊರೊಳಗೇ ಹುಟ್ಟುವ ಗುಜರಿಗೆ ಅಂಥ ಬಾಗಿಲು ಇಲ್ಲ. ಮಾಯಾಪುರಿಯದ್ದು ಊರೊಳಗಿನ ಗುಜರಿಯೇ ಆಗಿತ್ತು. ಹಾಗೆಂದು ಪ್ರತಿ ತಳ್ಳುಗಾಡಿಗೂ ಮೀಟರ್ ಕಟ್ಟಲು ಆಗುವುದಿಲ್ಲ. ಅದು ಬೇಕಾಗಿಯೂ ಇಲ್ಲ. ತಳ್ಳುಗಾಡಿಯಿಂದ ಸಣ್ಣ ಅಂಗಡಿ, ಅಲ್ಲಿಂದ ಸಗಟು ಯಾರ್ಡ್, ಅಲ್ಲಿಂದ ಲಾರಿಯಲ್ಲಿ ಕುಲುಮೆ. ಲಾರಿ ಯಾವುದೇ ಇರಲಿ, ತೂಕ ಹಾಕಿಸದೆ ಹೊರಡುವುದಿಲ್ಲ. ವೇಬ್ರಿಜ್‌ನ ಎರಡು ಬದಿಗೆ ಗಾಮಾ ಮೀಟರ್ ನಿಲ್ಲಿಸಿದರೆ ತೂಕದ ಜೊತೆಗೇ ಅಳತೆಯೂ ಆಗುತ್ತದೆ. ದಪ್ಪ ಸೀಸದ ಕವಚದೊಳಗೆ ಇರುವುದು ಅದರಿಂದಲೂ ತಪ್ಪಿಸಿಕೊಳ್ಳಬಹುದು. ಆದ್ದರಿಂದ ಯಾರ್ಡ್‌ನ ಹುಡುಗರಿಗೆ ಎರಡು ಗುರುತು ಕಲಿಸಬೇಕು. ಗಾತ್ರಕ್ಕೆ ಮೀರಿ ಭಾರ ಇರುವ ಡಬ್ಬಿ. ಮತ್ತೆ ಮೂರು ರೆಕ್ಕೆಯ ವಿಕಿರಣ ಚಿಹ್ನೆ, ಜೊತೆಗೆ 2007ರಿಂದ ಬಂದಿರುವ ತಲೆಬುರುಡೆ ಮತ್ತು ಓಡುವ ಮನುಷ್ಯ ಇರುವ ಕೆಂಪು ತ್ರಿಕೋನ.

ದುಡ್ಡಿನ ಮಾತು ಉಳಿಯಿತು. ಗುಜರಿಯವನು ವಸ್ತುವಿಗೆ ಕೊಟ್ಟ ಹಣ ಅವನಿಗೆ ವಾಪಸ್ ಬರಬೇಕು. ಅಂಗಡಿ ಮುಚ್ಚಿದ ದಿನಗಳಿಗೆ ಏನಾದರೂ ಸಿಗಬೇಕು. ಕಲ್ಪಾಕ್ಕಂವರೆಗಿನ ಸಾಗಣೆ ಖರ್ಚು ಅವನ ತಲೆಗೆ ಕಟ್ಟಬಾರದು. ಮೂಲ ಮಾಲೀಕ ಸಿಕ್ಕರೆ ಅಷ್ಟನ್ನೂ ಅವನಿಂದಲೇ ವಸೂಲಿ ಮಾಡಲಿ. ವಿಶ್ವವಿದ್ಯಾಲಯವೋ ಆಸ್ಪತ್ರೆಯೋ ಯಾರೇ ಆಗಿರಲಿ. ಸಿಗದಿದ್ದರೆ ಕುಲುಮೆ ನಡೆಸುವವರು ಟನ್ನಿಗೆ ಇಷ್ಟು ಪೈಸೆ ಎಂದು ಹಾಕುವ ನಿಧಿಯಿಂದ ಕೊಡಬಹುದು. ಒಂದೇ ಒಂದು ಮೂಲ ಕರಗಿದರೂ ಕುಲುಮೆ ತೊಳೆಯಲು ಆಗುವ ಖರ್ಚು, ನಿಂತುಹೋಗುವ ಉತ್ಪಾದನೆ ಅವರದ್ದೇ ಅಲ್ವಾ. ಗುಜರಿಯವನ ಮೇಲೆ ಕರುಣೆ ತೋರಿಸಿ ಎಂದು ಅವರನ್ನು ಕೇಳಬೇಕಾಗಿಲ್ಲ. ಅವರ ಲೆಕ್ಕದ ಪುಸ್ತಕವನ್ನೇ ಮುಂದಿಟ್ಟು ಮಾತು ಶುರು ಮಾಡಬಹುದು.